ತಡಿ ಬಟ್ಟಲು

ಗನ್ನವರಂ
17 ಏಪ್ರಿಲ್ 2005

ಚಿರಂಜೀವಿ ಗುರುದತ್ತನಿಗೆ ಅಕ್ಕನ ಆಶೀರ್ವಾದ.

ಗಾಜುವಾಕದ ಬಿಸಿಲಿಗೆ ನೀನಿನ್ನೂ ಕರಗಿ ಹೋಗಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಭಾವನಿಗೆ ಹುಬ್ಬಳ್ಳಿ ಶಾಖೆಗೆ ವರ್ಗವಾಯಿತು. ಹೋದ ವಾರ ಹೊರಟರು. ನಾನು ಹೋಗಲಿಲ್ಲ. ಮನೆಯ ಫೋನು ಬ್ಯಾಂಕಿನದು, ಅದೂ ಅವರ ಹಿಂದೆಯೇ ಹೋಯಿತು. ಒಳ್ಳೆಯದೇ ಆಯಿತು ಬಿಡು. ಫೋನಿನಲ್ಲಿ ನೀವ್ಯಾರೂ ನನ್ನ ಮಾತು ಕೇಳುವುದಿಲ್ಲ, ಅತ್ತ ಗಂಟಲೋ ಅಲ್ಲವೋ ಎಂದು ಕೇಳಿಸಿಕೊಳ್ಳುತ್ತೀರಿ. ಕಾಗದದಲ್ಲಿ ಆ ಕಾಟವಿಲ್ಲ.

ಯಾಕೆ ಹೋಗಲಿಲ್ಲ ಅಂತೀಯಾ? ಕೋಳಿಗಳನ್ನು ಯಾರ ಮಡಿಲಿಗೆ ಹಾಕಿ ಹೋಗಲಿ? ದುರ್ಗಮ್ಮನ ಗುಡ್ಡ ಇಳಿದು ಬೆಜವಾಡದ ಪೇಟೆಗೆ ಬಂದಾಗ ಗುಲಾಬಿ, ಹಸಿರು ಬಣ್ಣ ಬಳಿದ ಮರಿ ಮಾರುತ್ತಿದ್ದರಲ್ಲ, ರಸ್ತೆಯಲ್ಲೇ ಕೂತು ಹಟ ಮಾಡಿ ಕೊಡಿಸಿಕೊಂಡದ್ದು, ಆ ಮರಿಗಳ ಸಂತಾನ ಇವು. ಹಟ ಮಾಡಿದವರ ಹೆಸರು ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ. ಮಡಿ ಮಡಿ ಅಂತ ಸಾಯುವ ಮನೆತನದಲ್ಲಿ ಕೋಳಿ! ನಮ್ಮ ಅತ್ತೆ ಹೇಳಿ ಕಳಿಸಿದ್ದಾರೆ: “ಕೋಳಿ ಬಿಟ್ಟು ಬಂದ್ರ ನನ್ನ ಸೊಸಿ, ಇಲ್ಲಾಂದ್ರ ಅಲ್ಲೇ ಇರ್ಲಿ.” ಇರುತ್ತೇನೆ. ಅದಕ್ಕೇನು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಮುಂಗುಸಿ ಗಂಟುಬಿದ್ದಿದೆ. ಹಾಡಹಗಲೇ ಬಂದು ಮರಿಗಳನ್ನು ಒಯ್ಯುತ್ತದೆ. ಇಲ್ಲಿ ಪಂಪು ರಿಪೇರಿ ಮಾಡುವ ದುರ್ಗಾಪ್ರಸಾದ್ ಎಂಬವನಿದ್ದಾನೆ. ಮನೆಯ ಕರೆಂಟನ್ನೇ ನೇರ ತಂತಿಗೆ ಕೊಟ್ಟು ಬೇಲಿ ಸುತ್ತುತ್ತೇನೆ, ಒಂದೇ ಏಟಿಗೆ ಮುಗಿಯುತ್ತದೆ ಅನ್ನುತ್ತಾನೆ. ನೀನು ಕಾರ್ಖಾನೆಯಲ್ಲಿ ಕರೆಂಟಿನ ಫೋರ್‌ಮನ್ನು. ನೀನು ಹೇಳು, ಮಾಡಿಸಲೇ?

ನಿನ್ನ ಅಕ್ಕ
ಹೇಮಾಕ್ಷಿ


ಗಾಜುವಾಕ, ವಿಶಾಖಪಟ್ಟಣ
26 ಏಪ್ರಿಲ್ 2005

ಅಕ್ಕನಿಗೆ ಗುರುದತ್ತನ ನಮಸ್ಕಾರಗಳು.

ಮಹಾತಾಯಿ, ಆ ದುರ್ಗಾಪ್ರಸಾದನನ್ನು ಹಿತ್ತಲಿನಿಂದ ಆಚೆ ಕಳಿಸು. ಮನೆಯ ಕರೆಂಟು ಬೇಲಿಗೆ ಕೊಟ್ಟರೆ ಮುಂಗುಸಿಗಿಂತ ಮೊದಲು ಹಾಲಿನವನು ಸಾಯುತ್ತಾನೆ, ಆಮೇಲೆ ನೀನು ಜೈಲಿನಲ್ಲಿ ಕೋಳಿ ಸಾಕಬೇಕಾಗುತ್ತದೆ. ನಾನೊಂದು ಝಟಕಾ ಮಷೀನು ಪಾರ್ಸೆಲ್ ಮಾಡುತ್ತಿದ್ದೇನೆ. ಬ್ಯಾಟರಿಯಲ್ಲಿ ನಡೆಯುತ್ತದೆ. ಬಿಟ್ಟು ಬಿಟ್ಟು ಟಕ್ ಎಂದು ಒಂದೊಂದೇ ಹೊಡೆತ ಕೊಡುತ್ತದೆ. ಮುಟ್ಟಿದ್ದು ಕಿರುಚಿ ಓಡುತ್ತದೆ, ಸಾಯುವುದಿಲ್ಲ.

ಒಂದು ಮಾತು ನೆನಪಿಡು. ಮಷೀನಿನಿಂದ ಒಂದು ತಂತಿ ಬೇಲಿಗೆ, ಇನ್ನೊಂದು ನೆಲದಲ್ಲಿ ಹುಗಿದ ಕಬ್ಬಿಣದ ಸರಳಿಗೆ. ಅದೇ ಅರ್ಥ್. ಬೇಲಿ ಮುಟ್ಟಿದ ಪ್ರಾಣಿಯ ಮೈಯಿಂದ ಕರೆಂಟು ಕಾಲಿಗಿಳಿದು, ನೆಲದೊಳಗೆ ಹರಿದು, ಸರಳಿನ ಮೂಲಕ ಮಷೀನಿಗೆ ವಾಪಸು ಬರಬೇಕು. ಆ ಸುತ್ತು ಪೂರ್ತಿಯಾದರೇ ಹೊಡೆತ. ತಂತಿಯ ಮೇಲೆ ಕೂತ ಗುಬ್ಬಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಅದರ ಕಾಲು ನೆಲಕ್ಕೆ ತಾಗಿಲ್ಲ. ಬೇಲಿಗಿಂತ ಅರ್ಥ್ ಮುಖ್ಯ ಅಂತ ತಿಳಿದುಕೋ. ಕೆಳಗಿನ ತಂತಿ ನೆಲದಿಂದ ಗೇಣಿಗಿಂತ ಮೇಲಿರಬಾರದು, ಮುಂಗುಸಿ ನುಸುಳುತ್ತದೆ.

ಭಾವ ಒಬ್ಬರೇ ಅಲ್ಲಿ ಏನು ಬೇಯಿಸಿಕೊಳ್ಳುತ್ತಾರೋ. ಇಷ್ಟೇ ಕೇಳಿದೆ, ಸಿಟ್ಟಾಗಬೇಡ.

ನಿನ್ನ ತಮ್ಮ
ಗುರುದತ್ತ


ಗನ್ನವರಂ
22 ಮೇ 2005

ಚಿ. ಗುರುದತ್ತನಿಗೆ ಆಶೀರ್ವಾದ.

ಭಾವನ ಊಟದ ಚಿಂತೆ ನಿನಗೆ ಬೇಡ, ಅವರ ತಾಯಿ ಇದ್ದಾರೆ.

ನಿನ್ನ ಮಷೀನು ಬಂತು, ಬೇಲಿಯೂ ಎದ್ದಿತು. ಮುಂಗುಸಿ ಅದರಡಿಯಲ್ಲಿ ಅತ್ತೆಮನೆಗೆ ಬಂದ ಅಳಿಯನ ಹಾಗೆ ಓಡಾಡುತ್ತದೆ. ನಾನೇ ಧೈರ್ಯ ಮಾಡಿ ತಂತಿ ಮುಟ್ಟಿದೆ. ಇರುವೆ ಕಚ್ಚಿದಷ್ಟೂ ಇಲ್ಲ. ದುರ್ಗಾಪ್ರಸಾದನನ್ನು ಕರೆದು ಕೇಳಿದರೆ ತೆಲುಗಿನಲ್ಲಿ ಉದ್ದಕ್ಕೆ ಏನೇನೋ ಹೇಳಿ ಕೊನೆಗೆ “ಅರ್ಥ್ ಲೇದಮ್ಮಾ” ಅಂದ, ಅರ್ಥ್ ಇಲ್ಲವಂತೆ. “ನನಗೂ ಅರ್ಥ ಆಗಿಲ್ಲಪ್ಪ” ಅಂದೆ. ಅವನು ನಕ್ಕ, ನಾನೂ ನಕ್ಕೆ. ಎಷ್ಟು ದಿನವಾಗಿತ್ತೋ ನಕ್ಕು. ಆಮೇಲೆ ಒಳಗೆ ಬಂದು ಕೂತುಕೊಂಡೆ.

ನಿನ್ನ ಸರಳುಗಳನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹುಗಿಸಿದ್ದೇನೆ. ಉಪ್ಪು, ಇದ್ದಲಿ ಹಾಕಿ ದಿನಾ ನೀರು ಹೊಯ್ದದ್ದಾಯಿತು. ಹೊಯ್ದ ನೀರು ಹೊಯ್ದಲ್ಲೇ ಆರುತ್ತದೆ. ನಿನ್ನೆ ಮತ್ತೆ ಎರಡು ಮರಿ ಹೋದವು. ಹೀಗೇ ಆದರೆ ಆ ಪೇಟೆಯ ಮರಿಗಳ ವಂಶವೇ ಉಳಿಯುವುದಿಲ್ಲ ಗುರು. ಅವು ಹೋದರೆ ಈ ಮನೆಯಲ್ಲಿ ಏನಿದೆ ಹೇಳು. ಏನಾದರೂ ಮಾಡು.

ಹೇಮಾಕ್ಷಿ


ಗಾಜುವಾಕ
30 ಮೇ 2005

ಅಕ್ಕನಿಗೆ ನಮಸ್ಕಾರಗಳು.

ತಪ್ಪು ಮಷೀನಿನದಲ್ಲ, ನೆಲದ್ದು. ಬೇಸಿಗೆಗೆ ನಿನ್ನ ಹಿತ್ತಲು ಒಣಗಿ ಕಲ್ಲಾಗಿದೆ. ಒಣಮಣ್ಣು ಕರೆಂಟು ಒಯ್ಯುವುದಿಲ್ಲ. ಸರಳುಗಳು ಸದಾ ತೇವ ಇರುವಲ್ಲಿ ಹೋಗಬೇಕು. ದೂರವಾದರೂ ಚಿಂತೆಯಿಲ್ಲ, ಅಲ್ಲಿಂದ ಮಷೀನಿನವರೆಗೆ ಒಂದು ತಂತಿ ಎಳೆದರಾಯಿತು.

ಎರಡು ಸಲ ಈ ಕಾಗದ ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ. ನಿನ್ನ ಮನೆಯ ಹತ್ತಿರ ಅಂಥ ಜಾಗ ಒಂದೇ ಇರುವುದು. ಹಿಂದಿನ ಕಾಲುವೆಯ ಏರಿ. ಬೇಸಿಗೆಗೆಂದು ನೀರು ನಿಲ್ಲಿಸಿದ್ದಾರೆ, ಮತ್ತೆ ಬಿಟ್ಟ ಮೇಲೆ ಏರಿಯ ಬುಡ ವರ್ಷವಿಡೀ ಹಸಿ ಇರುತ್ತದೆ. ನೀನು ಹೋಗಬೇಡ ಅಕ್ಕ. ದುರ್ಗಾಪ್ರಸಾದನಿಗೆ ಹೇಳಿ ಮಾಡಿಸು, ನೀನು ಆ ಕಡೆ ನೋಡುವುದೂ ಬೇಡ.

ಗುರುದತ್ತ


ಗನ್ನವರಂ
8 ಜೂನ್ 2005

ಗುರುದತ್ತ,

ಹೋದ ವರ್ಷ ನೀರು ಬಿಟ್ಟ ದಿನದಿಂದ ಆ ಕಡೆಯ ಬಾಗಿಲು ನಾನು ತೆರೆದಿಲ್ಲ. ಹಿತ್ತಲಿಗೆ ಹೋಗುವುದಿದ್ದರೂ ಪಕ್ಕದ ಸಂದಿಯಿಂದ ಬಳಸಿ ಹೋಗುತ್ತೇನೆ. ಒಣ ಕಾಲುವೆಯಲ್ಲಿ ಓಣಿಯ ಮಕ್ಕಳೆಲ್ಲ ಆಡುತ್ತಿದ್ದವು. ನೀರು ಬಂತು ಅಂದಕೂಡಲೇ ಎಲ್ಲವೂ ಏರಿ ಹತ್ತಿದವು. ನಾನು ಹೆತ್ತದ್ದು ಒಂದೇ. ಅದೊಂದೇ ಹತ್ತಲಿಲ್ಲ. ಇದು ಗೊತ್ತಿದ್ದೂ ಅಲ್ಲಿ ಸರಳು ಹುಗಿ ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?

ಇನ್ನು ಬರೆಯಬೇಡ.

ಹೇಮಾಕ್ಷಿ


ಗನ್ನವರಂ
24 ಜುಲೈ 2005

ಚಿ. ಗುರುದತ್ತನಿಗೆ,

ಬರೆಯಬೇಡ ಅಂದರೆ ಬರೆಯದೇ ಬಿಟ್ಟುಬಿಡುತ್ತೀಯಾ? ಎಂಥ ತಮ್ಮನಪ್ಪ ನೀನು. ನನ್ನ ಸಿಟ್ಟು ಇಳಿದಿಲ್ಲ. ಆದರೆ ಮುಂಗುಸಿಗೆ ನನ್ನ ಸಿಟ್ಟು ತಿಳಿಯಬೇಕಲ್ಲ. ಮೊದಲ ಹೇಂಟೆಯನ್ನೇ ಹಿಡಿಯಿತು, ಮೈಗೆಲ್ಲ ಗುಲಾಬಿ ಬಣ್ಣ ಬಳಿದುಕೊಂಡು ಬಂದಿತ್ತಲ್ಲ, ಅದನ್ನು. ಅಂದೇ ದುರ್ಗಾಪ್ರಸಾದನನ್ನು ಕರೆಸಿದೆ. ಅವನು ಏರಿಯ ಬುಡದಲ್ಲಿ ಸರಳು ಹುಗಿದು, ಅಲ್ಲಿಂದ ಹಿತ್ತಲಿನವರೆಗೆ ಗೂಟಗಳ ಮೇಲೆ ತಂತಿ ಎಳೆದ. ನಾನು ಬೀದಿ ಕಡೆಯ ಕಟ್ಟೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದೆ. ಅದೇ ವಾರ ನೀರು ಬಿಟ್ಟರು. ಸದ್ದು ಕೇಳಿಸಿತು.

ನೀನು ಹೇಳಿದ್ದು ನಿಜ. ಬೇಲಿ ಈಗ ಕಚ್ಚುತ್ತದೆ. ಮುಂಗುಸಿ ಒಂದೇ ಸಲ ಚಟ್ ಅನ್ನಿಸಿಕೊಂಡು ಹೋದದ್ದು ಇನ್ನೂ ತಿರುಗಿ ನೋಡಿಲ್ಲ. ಓಣಿಯ ಕರಿನಾಯಿ ಮೂಗು ತಾಗಿಸಿ ಕುಂಯ್ ಅಂತ ಓಡಿತು. ನನಗೂ ಸೆರಗು ಸರಿಮಾಡಲು ಹೋಗಿ ಮೊಳಕೈವರೆಗೆ ಜುಮ್ಮೆಂದಿತು.

ಆದರೆ ಈಗ ಬೆಕ್ಕೊಂದು ಹತ್ತಿದೆ. ಎದುರು ಮನೆಗೆ ಜನವರಿಯಲ್ಲಿ ಮಗನ ಜೊತೆ ಬಂದ ರಾಜ್ಯಲಕ್ಷ್ಮಮ್ಮ ಹೇಳಿದರು. ಅವರ ಮಾಳಿಗೆಯಿಂದ ನನ್ನ ಹಿತ್ತಲು, ಕಾಲುವೆ ಎರಡೂ ಕಾಣುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ದಿನಾ “ಪಿಲ್ಲಿ ವಸ್ತುಂದಿ” ಅಂತ. ನನ್ನ ಅರೆಬರೆ ತೆಲುಗಿಗೂ ಪಿಲ್ಲಿ ಅಂದರೆ ಬೆಕ್ಕು ಅಂತ ಗೊತ್ತು. ಕಾಲುವೆ ಕಡೆಯಿಂದ ನಿನ್ನ ಅರ್ಥ್ ತಂತಿಯ ಗುಂಟ ಬರುತ್ತದಂತೆ. ಎಷ್ಟು ದೊಡ್ಡದು ಅಂತ ಕೇಳಿದೆ. ಸೊಂಟದ ಮಟ್ಟಕ್ಕೆ ಕೈ ಹಿಡಿದು ತೋರಿಸಿದರು! ಅಷ್ಟು ದೊಡ್ಡ ಬೆಕ್ಕು ಎಲ್ಲಾದರೂ ಇರುತ್ತದೆಯೇ? ಮುದುಕಿಗೆ ಪೊರೆ ಬಂದಿರಬೇಕು.

ಆ ಹೊತ್ತಿಗೆ ನಾನು ಒಳಗೆ ದೇವರ ಮುಂದೆ ಇರುತ್ತೇನೆ, ಹಿಂದಿನ ಬಾಗಿಲಿಗೆ ಅಗಳಿ. ಒಂದು ಮಾತ್ರ ನನಗೂ ವಿಚಿತ್ರವೆನಿಸಿದೆ. ಬೆಕ್ಕು ಬಂದರೆ ಕೋಳಿಗಳು ಊರೆಲ್ಲ ಒಂದು ಮಾಡಬೇಕು. ಇವು ಆ ಹೊತ್ತಿಗೆ ತೆಪ್ಪಗಾಗಿಬಿಡುತ್ತವೆ. ಮಷೀನಿನ ಟಕ್ ಟಕ್ ಬಿಟ್ಟು ಬೇರೆ ಸದ್ದಿಲ್ಲ.

ನಿನ್ನ ಅಕ್ಕ
ಹೇಮಾಕ್ಷಿ


ಗಾಜುವಾಕ
1 ಆಗಸ್ಟ್ 2005

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಅಕ್ಷರ ನೋಡಿ ಜೀವ ಬಂದಂತಾಯಿತು. ಬೈಗುಳ ಹಾಗೇ ಇರಲಿ, ನಿಲ್ಲಿಸಬೇಡ.

ಬೆಕ್ಕಿನ ಕಥೆ ನನಗೆ ತಿಳಿಯಲಿಲ್ಲ. ನಾಯಿಗೆ ಹೊಡೆದ ಬೇಲಿ ಬೆಕ್ಕಿಗೆ ಹೊಡೆಯಲೇಬೇಕು. ಹಸಿ ನೆಲದಲ್ಲಿ ನಾಲ್ಕು ಕಾಲೂರಿ ನಡೆಯುವ ಪ್ರಾಣಿ ತಂತಿ ಮುಟ್ಟಿ ಸುಮ್ಮನಿರಲು ಸಾಧ್ಯವೇ ಇಲ್ಲ. ಒಂದೋ ಅದು ಮುಟ್ಟುತ್ತಿಲ್ಲ, ಇಲ್ಲವೋ ನಿನ್ನ ರಾಜ್ಯಲಕ್ಷ್ಮಮ್ಮನಿಗೆ ಹೊತ್ತು ಹೋಗುತ್ತಿಲ್ಲ. ಸರಿಯಾಗಿ ಕೇಳು. ಬಣ್ಣ ಏನು, ಬೇಲಿ ಮುಟ್ಟುತ್ತದೋ ಇಲ್ಲವೋ, ಏನು ಒಯ್ಯುತ್ತದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆ, ನಿನ್ನ ಒಗ್ಗರಣೆ ಹಾಕಬೇಡ.

ಗುರುದತ್ತ


ಗನ್ನವರಂ
9 ಆಗಸ್ಟ್ 2005

ಚಿ. ಗುರುದತ್ತನಿಗೆ ಆಶೀರ್ವಾದ.

ಒಗ್ಗರಣೆ ಇಲ್ಲದೆ ಬರೆಯುತ್ತೇನೆ, ಸಪ್ಪೆಯಾದರೆ ನನ್ನ ದೂರಬೇಡ.

ಕೇಳಿದೆ. ಏನೂ ಒಯ್ಯುವುದಿಲ್ಲವಂತೆ. ಬೇಲಿ ಮುಟ್ಟುತ್ತದೆಯೇ ಅಂದರೆ ಮೇಲಿನ ತಂತಿಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲುವ ಹಾಗೆ ಮಾಡಿ ತೋರಿಸಿದರು. ನಿಂತು ಕೋಳಿಗಳನ್ನು ನೋಡುತ್ತದಂತೆ. ಬೆಕ್ಕು ಎರಡು ಕಾಲಲ್ಲಿ ನಿಲ್ಲುವುದೇ! ನಾನು ಬೇಲಿ ತೋರಿಸಿ, ಇದರ ಹೊಡೆತ ಇನ್ನೂ ಜೋರು ಮಾಡಿಸುತ್ತೇನೆ ಅಂತ ಕೈಸನ್ನೆ ಮಾಡಿದೆ. ಮುದುಕಿ ಎರಡೂ ಕೈ ಜೋಡಿಸಿಬಿಟ್ಟರು. ಕಣ್ಣಲ್ಲಿ ನೀರು ಬೇರೆ. ಅವರ ಮಾತನ್ನು ಹಾಗೇ ಬರೆದಿದ್ದೇನೆ: “ವದ್ದಮ್ಮಾ. ಪಾಪಂ, ಪಿಲ್ಲಿ. ತಡಿ ಬಟ್ಟಲತೋ ವಸ್ತುಂದಿ.”

ತಡಿ ಅಂದರು, ಬಟ್ಟಲು ಅಂದರು. ತಡಿ, ಹೊಡೀಬೇಡ, ಪಾಪ, ಒಂದು ಬಟ್ಟಲು ಹಾಲಿಡು ಅಂತಿರಬೇಕು. ಬೆಕ್ಕಿನ ಮೇಲೆ ಇಷ್ಟು ಕರುಣೆ ಇರುವವರನ್ನು ನಾನು ನೋಡಿಯೇ ಇಲ್ಲ. ಹಿರಿಯರು ಕೈಮುಗಿದ ಮೇಲೆ ಇಲ್ಲ ಅನ್ನಲಾದೀತೇ? ಸಣ್ಣ ಬೆಳ್ಳಿ ಬಟ್ಟಲು ಒಂದು ಬಳಸದೇ ಬಿದ್ದಿತ್ತು, ನೀನು ನಾಮಕರಣಕ್ಕೆ ಕೊಟ್ಟದ್ದು. ಅದರಲ್ಲೇ ಹಾಲು ಹಾಕಿ ಬೇಲಿಯ ಬುಡದಲ್ಲಿ ಇಡುತ್ತಿದ್ದೇನೆ. ಹಾಲು ಒಂದು ಗುಟುಕೂ ಕಡಿಮೆಯಾಗುವುದಿಲ್ಲ, ಬೆಕ್ಕು ಮುಟ್ಟಿಲ್ಲ. ಆದರೆ ಬೆಳಿಗ್ಗೆ ನೋಡಿದರೆ ಬಟ್ಟಲು ತುಂಬಿ ನೀರುನೀರಾಗಿರುತ್ತದೆ. ಮಳೆಯಿಲ್ಲ.

ನಿನ್ನ ಅಕ್ಕ
ಹೇಮಾಕ್ಷಿ


ತಂತಿ
ಗಾಜುವಾಕ, 13 ಆಗಸ್ಟ್ 2005

ಬೇಲಿ ಕರೆಂಟು ತಕ್ಷಣ ನಿಲ್ಲಿಸು. ಕಾಗದ ಬರುತ್ತಿದೆ. ಗುರುದತ್ತ


ಗಾಜುವಾಕ
13 ಆಗಸ್ಟ್ 2005

ಅಕ್ಕ,

ಇದನ್ನು ಕೂತುಕೊಂಡು ಓದು.

ನಿನ್ನ ಕಾಗದ ಓದಿದಾಗ ಕನ್ನಡ ಅಕ್ಷರದಲ್ಲಿ ನನಗೂ ಕನ್ನಡವೇ ಕಂಡಿತು. ತಡಿ, ಬಟ್ಟಲು ಅಂತ ಓದಿ ನಕ್ಕೆ. ಮನೆಯವಳೂ ನಗಲಿ ಅಂತ ಜೋರಾಗಿ ಓದಿ ಹೇಳಿದೆ. ಸೀತಾಮಹಾಲಕ್ಷ್ಮಿ ತೆಲುಗಿನವಳಲ್ಲವೇ, ಅವಳ ಕಿವಿಗೆ ತೆಲುಗೇ ಬಿತ್ತು. ಬೇಳೆ ಕೇರುತ್ತಿದ್ದ ಮೊರ ಕೆಳಗಿಟ್ಟು, “ಯಾರ ಮಗುವಂಡೀ ಅದು?” ಅಂದಳು.

ತೆಲುಗಿನಲ್ಲಿ ತಡಿ ಅಂದರೆ ಒದ್ದೆ. ಬಟ್ಟಲು ಅಂದರೆ ಬಟ್ಟೆಗಳು. ಪಿಲ್ಲಿ ಅಂದರೆ ಬೆಕ್ಕು, ನೀನು ತಿಳಿದದ್ದು ಸರಿಯೇ. ಆದರೆ ಅವರು ಪಿಲ್ಲಿ ಅಂದಿರಲಾರರು. ಪಿಲ್ಲ ಅಂದಿರಬೇಕು. ಪಿಲ್ಲ ಅಂದರೆ ಹುಡುಗಿ.

ಪಾಪ, ಹುಡುಗಿ. ಒದ್ದೆ ಬಟ್ಟೆಯಲ್ಲಿ ಬರುತ್ತಾಳೆ. ಇದು ಅವರು ಹೇಳಿದ್ದು.

ಓಣಿಯ ಯಾವುದೋ ಮಗು ಕಾಲುವೆಯಲ್ಲಿ ಆಡಿ ಬರುತ್ತಿರಬಹುದು. ಅದಕ್ಕೇ ತಂತಿ ಕಳಿಸಿದೆ. ಒದ್ದೆ ಮೈ, ಬರಿಗಾಲು, ಇಂಥ ಅರ್ಥ್. ಪುಟ್ಟ ಎದೆಗೆ ಆ ಹೊಡೆತ ತಡೆಯುವುದಿಲ್ಲ. ಬೇಲಿ ಆರಿಸಿಯೇ ಇರಲಿ.

ಇನ್ನೊಂದು ಮಾತು. ಬರೆಯಬಾರದು ಅಂತಲೇ ಇದ್ದೆ. ಓಣಿಯ ಮಗುವಾಗಿದ್ದರೆ ಮೊದಲ ದಿನವೇ ಕಿರುಚಿ ಬೀಳುತ್ತಿತ್ತು. ನಾಯಿ ಕಿರುಚಿತು, ನಿನಗೆ ಜುಮ್ಮೆಂದಿತು. ಎರಡೂ ಕೈಯಿಂದ ತಂತಿ ಹಿಡಿದು ದಿನಾ ಸುಮ್ಮನೆ ನಿಲ್ಲಬೇಕಾದರೆ ಕಾಲು ನೆಲಕ್ಕೆ ತಾಗಿರಬಾರದು. ಇಷ್ಟು ವರ್ಷ ಕರೆಂಟಿನಲ್ಲೇ ಬದುಕಿದವನು ನಾನು, ಇದಕ್ಕೆ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಹೆದರಿಕೆಯಾಗುತ್ತಿದೆ ಅಕ್ಕ. ಕಾಲುವೆಯಿಂದ ನಿನ್ನ ಹಿತ್ತಲಿಗೆ ತಂತಿ ಎಳೆಸಿದವನು ನಾನೇ.

ಆ ಸರಳುಗಳನ್ನು ಕೀಳಿಸು. ತಂತಿ ಸುತ್ತಿಡಿಸು. ಭಾವನಿಗೆ ಫೋನು ಮಾಡಿದ್ದೇನೆ, ನಿನ್ನನ್ನು ಕರೆದೊಯ್ಯಲು ಬರುತ್ತಾರೆ. ದಯವಿಟ್ಟು ಹೋಗು. ಇಂಚರಾಳ ಹೆಸರು ಬರೆಯಬೇಡ ಅಂದಿದ್ದೆ ನೀನು. ಬರೆದೆ, ಕ್ಷಮಿಸು.

ನಿನ್ನ ಗುರು


ಗನ್ನವರಂ
28 ಆಗಸ್ಟ್ 2005

ಗುರು,

ತಂತಿ ಕಳಿಸಿ ತಂತಿ ಆರಿಸು ಅಂದರೆ ಯಾರು ಕೇಳುತ್ತಾರೆ? ಕಾಗದ ಬರುವವರೆಗೆ ನಾನು ಬೇಲಿ ಆರಿಸಿರಲಿಲ್ಲ. ಮುಂಗುಸಿಯ ಮೇಲಿನ ಹಟ. ಕಾಗದ ಓದಿದವಳೇ ಕಾಲಿಗೆ ಚಪ್ಪಲಿಯೂ ಇಲ್ಲದೆ ಎದುರು ಮನೆಗೆ ಓಡಿದೆ.

ನಾನು ರಾಜ್ಯಲಕ್ಷ್ಮಮ್ಮನಿಗೆ ನಮ್ಮ ಸಂಗತಿ ಯಾವತ್ತೂ ಹೇಳಿದವಳಲ್ಲ. ಅವರು ಬಂದದ್ದೇ ಆಮೇಲೆ. ಆದರೂ ಬಟ್ಟೆಯ ಬಣ್ಣ ಕೇಳಿದಾಗ ಎದ್ದು ಹೋಗಿ ಕರಿಬೇವಿನ ಗಿಡ ಮುಟ್ಟಿ ತೋರಿಸಿದರು. ಅಂದು ಅವಳು ಉಟ್ಟಿದ್ದ ಹಸಿರು ಲಂಗವೇ ಅಲ್ಲವೇನೋ ಅದು. ಆಮೇಲೆ ತಮ್ಮ ತಲೆಗೂದಲನ್ನು ಎರಡು ಪಾಲು ಮಾಡಿ, ಒಂದನ್ನು ಹೆಣೆದು ತೋರಿಸಿ, ಇನ್ನೊಂದನ್ನು ಹಾಗೇ ಇಳಿಬಿಟ್ಟರು.

ಇದು ನಿನಗೂ ಗೊತ್ತಿಲ್ಲ, ನಿನ್ನ ಭಾವನಿಗೂ ಗೊತ್ತಿಲ್ಲ. ಅಂದು ನಾನು ಒಂದು ಜಡೆ ಹಾಕಿದ್ದೆ. ಎರಡನೆಯದಕ್ಕೆ ರಿಬ್ಬನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಹೊರಗೆ ಮಕ್ಕಳು ಕೂಗಿದವು. “ಬಂದು ಹಾಕಿಸ್ಕೋತೀನಮ್ಮಾ” ಅಂದು ಓಡಿದಳು.

ಆ ಸಂಜೆ ಹಿಂದಿನ ಬಾಗಿಲ ಅಗಳಿ ತೆಗೆದೆ. ತುಕ್ಕು ಹಿಡಿದಿತ್ತು. ಮಷೀನು ಟಕ್ ಟಕ್ ಅನ್ನುತ್ತಿತ್ತು. ಕೋಳಿಗಳೆಲ್ಲ ಬೇಲಿಯ ಒಂದು ಮೂಲೆಗೆ ಹೋಗಿ ಕತ್ತು ಎತ್ತಿ ನಿಂತವು, ನುಚ್ಚು ಹಾಕುವವರು ಬಂದಾಗ ನಿಲ್ಲುವ ಹಾಗೆ. ಮೇಲಿನ ತಂತಿ ಕೈಯಿಟ್ಟಂತೆ ಬಗ್ಗಿತು. ಬೇಲಿಯ ಬುಡದ ಧೂಳಿನಲ್ಲಿ ಹನಿ ಹನಿ ನೀರು ಬೀಳುತ್ತಿತ್ತು. ಏರಿಯಿಂದ ಅಲ್ಲಿಯವರೆಗೂ ಹನಿಗಳಿದ್ದವು, ಒಂದೂ ಹೆಜ್ಜೆಯಿರಲಿಲ್ಲ. ನೀನು ಬರೆದದ್ದು ಸರಿ. ಕಾಲು ನೆಲಕ್ಕೆ ತಾಗಿದವರಿಗೇ ಹೊಡೆತ. ಈಗ ನನಗೆ ಅರ್ಥವಾಯಿತು.

ಅವಳು ಕಾಣಲಿಲ್ಲ ಗುರು. ಕಣ್ಣು ಕಿತ್ತು ಬರುವ ಹಾಗೆ ನೋಡಿದೆ. ಹೆತ್ತವಳಿಗೆ ಕಾಣುವುದಿಲ್ಲ, ಎದುರು ಮನೆಯ ಮುದುಕಿಗೆ ಕಾಣುತ್ತಾಳೆ. ಇದ್ಯಾವ ನ್ಯಾಯ? ನಾನು ಅಲ್ಲೇ ಕೂತು ಅತ್ತೆ, ಬೈದೆ. “ಹಸೀ ಮೈಲೇ ಎಷ್ಟೊತ್ತು ನಿಲ್ತಿ, ಶೀತ ಆಗೂದಿಲ್ಲೇನ?” ಅಂದೆ. ತಂತಿ ಮೆಲ್ಲಗೆ ಮೇಲೆದ್ದಿತು. ಕೋಳಿಗಳು ಚದುರಿದವು.

ಮರುದಿನ ಮಷೀನು ಬಿಚ್ಚಿಸಿದೆ. ಈ ಕಾಗದದ ಹಿಂದೆಯೇ ನಿನಗೆ ಪಾರ್ಸೆಲ್ ಬರುತ್ತದೆ. ಮುಂಗುಸಿ ಒಯ್ದರೆ ಒಯ್ಯಲಿ, ಅದರ ಪಾಲು. ಸರಳುಗಳನ್ನು ಮಾತ್ರ ಕೀಳಿಸುವುದಿಲ್ಲ. ಮಷೀನಿಲ್ಲದ ಮೇಲೆ ಅರ್ಥ್ ಯಾಕೆ ಅಂತ ದುರ್ಗಾಪ್ರಸಾದ್ ಕೇಳಿದ. ನೀನೂ ಕೇಳುತ್ತೀ. ಅದೊಂದು ತಂತಿ ಇರಲಿ ಬಿಡು. ಕತ್ತಲಲ್ಲಿ ದಾರಿ ತಿಳಿಯಬೇಕಲ್ಲ.

ನಿನ್ನ ಭಾವ ಬಂದರು, ಎರಡು ದಿನ ಇದ್ದರು. ಬಂದ ಸಂಜೆ ನಾನು ಗೂಟದ ಮೇಲೆ ಒಂದು ಟವೆಲು, ಬಾಚಣಿಗೆ, ಆ ಕೆಂಪು ರಿಬ್ಬನ್ನು ಇಟ್ಟೆ. ಅವರು ನೋಡಿದರು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಹೋಗಿ ಅವರೇ ಟವೆಲು ತಂದರು. ನನ್ನ ಮುಂದೆ ಹಿಂಡಿದರು. ಕಾಲುವೆಯ ರಾಡಿ ನೀರು ಇಳಿಯಿತು. ಅದನ್ನು ನೋಡುತ್ತಾ ನಿಂತರು, ಆಮೇಲೆ ಹುಬ್ಬಳ್ಳಿ ಬಸ್ಸಿಗೆ ಒಂದೇ ಟಿಕೀಟು ತೆಗೆಸಿದರು.

ಹೋಗುವಾಗ, “ಯಾವಾಗ ಬರ್ತಿ?” ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಟವೆಲು ಒದ್ದೆಯಾಗಿತ್ತು. ಬಾಚಣಿಗೆಯಲ್ಲಿ ಕೂದಲಿತ್ತು. ರಿಬ್ಬನ್ನು ಮಾತ್ರ ಇಟ್ಟಲ್ಲೇ ಇತ್ತು, ಒಣಗಿದ ಹಾಗೇ.

ಜಡಿ ಹಾಕ್ಕೊಳ್ಳಾಕ ಆಕೀಗೆ ಒಬ್ಬಾಕಿಗೇ ಬರೂದಿಲ್ಲೋ ಗುರು.

ಇಂಚರಾನ ಅಮ್ಮ